ಕವರ್ರಾ, ಗಿಫ್ಟಾ? ನಮ್ಮ ಮನೆಯ ಮೂರು ಮುಯ್ಯಿ ಪುಸ್ತಕಗಳ ಕಥೆ

ಭಾಗ 1/9

ಮೊದಲ ಫೋಟೊ ನೋಡಿ. ಹೋದ ತಿಂಗಳು ನಮ್ಮ ಮನೆ ಟ್ರಂಕಿನಿಂದ ಹೊರಗೆ ಬಂದ ಮೂರು ನೋಟ್‌ಬುಕ್. ಒಂದು 1974ರದ್ದು, ಅಜ್ಜಿ–ತಾತನ ಮದುವೆದು. ಇನ್ನೊಂದು 1998ರದ್ದು, ಅಪ್ಪ–ಅಮ್ಮಂದು. ಮೂರನೇದು 2019, ಅಕ್ಕಂದು. ಮೂರಕ್ಕೂ ಮೂಲೆಯಲ್ಲಿ ಅರಿಶಿನ ಹಚ್ಚಿದ ಗುರುತು ಇದೆ. ಮೂರರಲ್ಲೂ ಇರೋದು ಬರೀ ಹೆಸರು ಮತ್ತು ದುಡ್ಡು.

ಇವು ಹೊರಗೆ ಬಂದಿದ್ದು ಒಂದು ಸಣ್ಣ ಜಗಳದಿಂದ. ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸ್‌ವರೆಗೆ ಒಂದೇ ಬೆಂಚಲ್ಲಿ ನನ್ನ ಜೊತೆ ಕೂತ ಗೆಳತಿಯ ಮದುವೆ ಗೊತ್ತಾಗಿತ್ತು. ನಾನು ಸ್ಕೂಲ್ ಫೋಟೊಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಫ್ರೇಮ್ ಮಾಡಿಸೋಣ ಅಂತ 1,200 ರೂಪಾಯಿ ತೆಗೆದಿಟ್ಟಿದ್ದೆ. ಕವರಲ್ಲಿ ನೋಟು ಹಾಕಿ ಕೊಡೋದು ನನಗೆ ಯಾಕೋ ಸರಿ ಕಾಣ್ತಿರಲಿಲ್ಲ. ಕರೆಂಟ್ ಬಿಲ್ ಕಟ್ಟಿದ ಹಾಗೆ ಅನ್ನಿಸ್ತಿತ್ತು. ಗಿಫ್ಟ್ ಅಂದ್ರೆ ಪ್ರೀತಿ, ಕ್ಯಾಶ್ ಅಂದ್ರೆ ಲೆಕ್ಕ ಅನ್ನೋದು ನನ್ನ ತಲೆಯಲ್ಲಿತ್ತು.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: “ಅವರ ಮನೆಯೋರು ನಮ್ಗೆ ಏನ್ ಮುಯ್ಯಿ ಮಾಡವ್ರೆ? ಮೊದ್ಲು ಪುಸ್ತಕ ನೋಡು ಮಗಾ.”

ನೋಡಿದೆ. ಒಂದು ಸಂಜೆ ಅಂತ ಕೂತವಳು ಮೂರು ವಾರ ಎದ್ದೇಳಲಿಲ್ಲ. ಬಿಕಾಂ ಓದೋಳಿಗೆ ಲೆಜರ್ ಸಿಕ್ಕರೆ ಬಿಡೋಕಾಗುತ್ತಾ? ಆವತಿಯ ಹಳೇ ಕಥೆಗಳ ಈ ಸರಣಿಯಲ್ಲಿ ಇಷ್ಟು ದಿನ ಬೆಟ್ಟ, ಗುಡಿ, ಪಾಳೇಗಾರರ ಬಗ್ಗೆ ಬರೆದಿದ್ದೀನಿ. ಈ ಸಲ ಮನೆಯೊಳಗಿನ ಇತಿಹಾಸ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

ಭಾಗ 2/9

ಮೊದಲು ಪದ. ಮುಯ್ಯಿ.

ನಮ್ಮ ಕಡೆ ಮದುವೆಗೆ ಹೋದವರು ಕೊಡೋ ದುಡ್ಡನ್ನ ಯಾರೂ “ಗಿಫ್ಟ್” ಅನ್ನಲ್ಲ, “ದಾನ” ಅಂತೂ ಅನ್ನೋದೇ ಇಲ್ಲ. ಮುಯ್ಯಿ ಮಾಡಿದ್ರು, ಮುಯ್ಯಿ ಬರೆಸಿದ್ರು, ಮುಯ್ಯಿ ತೀರಿಸಬೇಕು ಅಂತಾರೆ. ಇದೇ ಪದ ಜಗಳದಲ್ಲೂ ಬರುತ್ತೆ. “ಮುಯ್ಯಿಗೆ ಮುಯ್ಯಿ” ಅಂದ್ರೆ ಏಟಿಗೆ ಎದುರೇಟು. ಹೊಲದಲ್ಲೂ ಬರುತ್ತೆ. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಕೂಲಿ ಇಲ್ಲ, ಆಳಿಗೆ ಆಳು. ಅದು ಮುಯ್ಯಾಳು. ರಾಗಿ ಪೈರು ನಾಟೋದು, ಕುಯ್ಲು, ಕಣ, ಎಲ್ಲ ಒಂದು ಕಾಲಕ್ಕೆ ಹೀಗೇ ನಡೀತಿತ್ತು ಅಂತ ಅಜ್ಜಿ ಹೇಳುತ್ತೆ.

ಅಂದ್ರೆ ಸೇಡು, ಕೆಲಸ, ಮದುವೆ ದುಡ್ಡು, ಮೂರಕ್ಕೂ ಒಂದೇ ಪದ. ಮೂರರ ಒಳಗೂ ಇರೋ ಅರ್ಥ ಒಂದೇ: ಕೊಟ್ಟಿದ್ದು ತಿರುಗಿ ಬರಬೇಕು.

ಇದು ನಮ್ಮೂರಲ್ಲಿ ಮಾತ್ರ ಇರೋದಲ್ಲ. ತಮಿಳಿನಲ್ಲಿ ಇದಕ್ಕೆ “ಮೊಯ್” ಅಂತಾರೆ. ಪುದುಕ್ಕೋಟ್ಟೈ, ತಂಜಾವೂರು ಕಡೆ ಮದುವೆಯೇ ಇಲ್ಲದೆ ಬರೀ ಮೊಯ್‌ಗೋಸ್ಕರ ಊಟ ಹಾಕಿಸೋ “ಮೊಯ್ ವಿರುಂದು” ಇದೆ. ಊರಿನವರು ಸರದಿ ಮೇಲೆ ಊಟ ಹಾಕ್ತಾರೆ, ಬಂದವರು ದುಡ್ಡು ಬರೆಸ್ತಾರೆ, ಅದರಲ್ಲಿ ಬೋರ್‌ವೆಲ್ಲೋ ವ್ಯಾಪಾರವೋ ಆಗುತ್ತೆ. ತೆಲುಗಿನಲ್ಲಿ “ಚದಿವಿಂಪುಲು”, ಅಂದ್ರೆ ಓದಿಸೋದು. ಯಾರು ಎಷ್ಟು ಕೊಟ್ಟರು ಅಂತ ಚಪ್ಪರದಲ್ಲಿ ಜೋರಾಗಿ ಓದಿ ಹೇಳ್ತಿದ್ರು. ಉತ್ತರ ಕರ್ನಾಟಕದ ಗೆಳೆಯರು “ಆಯೇರಿ” ಅಂತಾರೆ. ಮರಾಠಿಯ “ಆಹೇರ್” ಅದೇ. ಪಂಜಾಬಿನಲ್ಲಿ ಅದು ನ್ಯೋತಾ. ದಕ್ಷಿಣ ಕೊರಿಯಾದಲ್ಲಿ ಇವತ್ತಿಗೂ ಮದುವೆ ಹಾಲ್ ಬಾಗಿಲಲ್ಲಿ ಮೇಜು ಹಾಕ್ಕೊಂಡು ಕೂತು ಕವರ್ ತಗೊಂಡು ಹೆಸರು ಬರೀತಾರೆ, ಥೇಟ್ ನಮ್ಮ ಛತ್ರದ ಹಾಗೆ.

ಮಾರ್ಸೆಲ್ ಮೋಸ್ ಅನ್ನೋ ಫ್ರೆಂಚ್ ವಿದ್ವಾಂಸರು 1925ರಲ್ಲಿ ಉಡುಗೊರೆ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಅವರು ಹೇಳಿದ್ದು ಮೂರು ಕಟ್ಟುಪಾಡು: ಕೊಡಬೇಕು, ತಗೋಬೇಕು, ತಿರುಗಿ ಕೊಡಬೇಕು. ಪುಗಸಟ್ಟೆ ಉಡುಗೊರೆ ಅನ್ನೋದು ಪ್ರಪಂಚದಲ್ಲೇ ಇಲ್ಲ ಅನ್ನೋದು ಅವರ ವಾದದ ಸಾರ. ನಮ್ಮಜ್ಜಿ ಓದಿರೋದು ಮೂರನೇ ಕ್ಲಾಸು. ಅದಕ್ಕೂ ಇದು ಗೊತ್ತು.

ಭಾಗ 3/9

ನೋಟ್‌ಬುಕ್ ಬರೋಕೆ ಮುಂಚೆ ಮದುವೆ ದುಡ್ಡಿನ ಲೆಕ್ಕ ಎಲ್ಲಿತ್ತು? ಕೆಲವು ಕಡೆ ಕಲ್ಲಿನ ಮೇಲೆ.

ನಮ್ಮ ಊರಿನ ಕಥೆ ಶುರುವಾಗೋದೇ ಒಂದು ಮದುವೆಯ ಗಲಾಟೆಯಿಂದ, ನೆನಪಿದೆಯಾ? ಕಂಚಿ ಕಡೆಯಲ್ಲಿದ್ದ ಒಕ್ಕಲು ಮನೆತನದ ಹೆಣ್ಣುಮಗಳನ್ನ ಬಲವಂತವಾಗಿ ಮದುವೆ ಮಾಡ್ಕೊಳ್ಳೋಕೆ ಒಬ್ಬ ಅಧಿಕಾರದಲ್ಲಿದ್ದವನು ಹೊರಟ. ಕೊಡಲ್ಲ ಅಂದ ಮನೆಯವರು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟು ಕೊನೆಗೆ ಈ ಬೆಟ್ಟದ ಬುಡಕ್ಕೆ ಬಂದು ನಿಂತರು ಅನ್ನೋದು ಐತಿಹ್ಯ. ಅವರೇ ಆವತಿ ನಾಡಪ್ರಭುಗಳ ಮೂಲ. ರಣಭೈರೇಗೌಡರ ಹೆಸರು ಬರೋದು ಅಲ್ಲೇ. ದೇವನಹಳ್ಳಿ ಕೋಟೆ ಕಟ್ಟಿಸಿದ ಮಲ್ಲಭೈರೇಗೌಡರು ಇದೇ ವಂಶ. 1537ರಲ್ಲಿ ಬೆಂಗಳೂರು ಪೇಟೆ ಕಟ್ಟಿದ ಕೆಂಪೇಗೌಡರ ಯಲಹಂಕದ ಮನೆತನವೂ ತನ್ನ ಬೇರನ್ನ ಆವತಿಗೇ ತೋರಿಸುತ್ತೆ.

ಅವರು ಬಂದರು ಅನ್ನೋ ದಿಕ್ಕಿನಲ್ಲೇ, ವೆಲ್ಲೂರು ಹತ್ತಿರದ ವಿರಿಂಚಿಪುರಂ ದೇವಸ್ಥಾನದಲ್ಲಿ ಒಂದು ಶಾಸನ ಇದೆ. ಕಾಲ ಸುಮಾರು 1425, ವಿಜಯನಗರದ ಎರಡನೇ ದೇವರಾಯನ ಆಳ್ವಿಕೆ. ಆ ಸೀಮೆಯ ಕನ್ನಡಿಗ, ತಮಿಳು, ತೆಲುಗು ಮತ್ತು ಲಾಟ ಬ್ರಾಹ್ಮಣರು ಒಟ್ಟಿಗೆ ಕೂತು ಒಪ್ಪಂದ ಮಾಡ್ಕೊಂಡಿದ್ದಾರೆ: ಇನ್ನು ಮುಂದೆ ಮದುವೆ ಅಂದ್ರೆ ಕನ್ಯಾದಾನ ಮಾತ್ರ, ಹೆಣ್ಣಿಗೋಸ್ಕರ ಚಿನ್ನ ತಗೋಬಾರದು, ಕೊಡಬಾರದು, ಮೀರಿದವರಿಗೆ ರಾಜದಂಡ, ಜಾತಿಯಿಂದ ಹೊರಗೆ. ನಿಯಮ ಮಾಡಬೇಕಾಗಿ ಬಂತು ಅಂದ್ರೆ ಚಿನ್ನ ಓಡಾಡ್ತಿತ್ತು ಅಂತಲೇ ಅರ್ಥ.

ನಮ್ಮ ಒಕ್ಕಲು ಜಾತಿಗಳಲ್ಲಿ ಇದ್ದಿದ್ದು “ತೆರ”. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕಟ್ಟೋ ದುಡ್ಡು. ವರದಕ್ಷಿಣೆ ಅದನ್ನ ತಲೆಕೆಳಗು ಮಾಡಿದ್ದು ಆಮೇಲೆ. ಇದರ ಮೇಲೆ ಸರ್ಕಾರದ ಪಾಲೂ ಇತ್ತು! ವಿಜಯನಗರದ ಕಾಲದಲ್ಲಿ ಮದುವೆ ಸುಂಕ ಅಂತ ಒಂದು ತೆರಿಗೆ ಇತ್ತು. ಕೃಷ್ಣದೇವರಾಯನ ಕಾಲದಲ್ಲಿ ಅದನ್ನ ಹಲವು ಕಡೆ ಮನ್ನಾ ಮಾಡಿದ ಶಾಸನಗಳಿವೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, “ಹಿಂದಿನ ಕಾಲದಲ್ಲಿ ಮದುವೆ ಅಂದ್ರೆ ಬರೀ ಪ್ರೀತಿ, ಈಗ ಬರೀ ದುಡ್ಡು” ಅನ್ನೋ ಮಾತು ನಾವು ದಿನಾ ಕೇಳ್ತೀವಿ. ಕಲ್ಲು ಹಾಗೆ ಹೇಳಲ್ಲ.

ಭಾಗ 4/9

ಈಗ 1974ರ ಪುಸ್ತಕ. ಎರಡನೇ ಫೋಟೊ ಜೂಮ್ ಮಾಡಿ ನೋಡಿ. (ಹೆಸರುಗಳ ಮೇಲೆ ನಾನೇ ಪೇಪರ್ ಇಟ್ಟಿದ್ದೀನಿ, ಬೇರೆಯವರ ಮನೆ ಲೆಕ್ಕ ಅಲ್ವಾ.)

ಬರೆದವರು ಊರಿನ ಮೇಷ್ಟ್ರು. ಅದಕ್ಕೂ ಹಿಂದೆ ಹಳ್ಳಿಯಲ್ಲಿ ಲೆಕ್ಕ ಅಂದ್ರೆ ಶಾನುಭೋಗರ ಕೈ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನ ರದ್ದು ಮಾಡ್ತು. ಪಟೇಲಿಕೆ, ಶಾನುಭೋಗಿಕೆ ಹೋಯ್ತು. ಅಕ್ಷರ ಗೊತ್ತಿದ್ದ ಮೇಷ್ಟ್ರೇ ಮದುವೆ ಮನೆಗೂ ಶಾನುಭೋಗರಾದರು. ಚಪ್ಪರದ ಕಂಬಕ್ಕೆ ಒರಗಿ, ಮುಂದೆ ಒಂದು ತಟ್ಟೆ ಎಲೆ–ಅಡಿಕೆ, ಪಕ್ಕದಲ್ಲಿ ದುಡ್ಡು ಎಣಿಸೋಕೆ ಮನೆಯ ಒಬ್ಬ ನಂಬಿಕಸ್ಥ.

ಒಟ್ಟು 137 ಹೆಸರು. ಕ್ಯಾಶ್ 486 ರೂಪಾಯಿ. ಜಾಸ್ತಿ ಜನ ಬರೆಸಿದ್ದು 2 ಅಥವಾ 5 ರೂಪಾಯಿ. 11 ರೂಪಾಯಿ ಬರೆಸಿದವರು ಮೂರೇ ಜನ, ಮೂವರೂ ಸೋದರಮಾವಂದಿರ ಕಡೆ. ಮದುವೆಗೆ ಆದ ಖರ್ಚು 1,150 ರೂಪಾಯಿ ಅಂತ ಹಿಂದಿನ ಪುಟದಲ್ಲಿದೆ. ಅಂದ್ರೆ ಖರ್ಚಿನ ನೂರಕ್ಕೆ 42 ಭಾಗ ಮುಯ್ಯಿಯಿಂದಲೇ ಎದ್ದಿದೆ. ಬ್ಯಾಂಕ್ ಲೋನ್ ಇಲ್ಲ, ಬಡ್ಡಿ ಸಾಲ ಅರ್ಧಕ್ಕರ್ಧ ತಪ್ಪಿದೆ.

ನನಗೆ ಆಶ್ಚರ್ಯ ಆಗಿದ್ದು ಇದಲ್ಲ. ದುಡ್ಡಿನ ಸಾಲುಗಳ ಮಧ್ಯೆ ಹೀಗೆಲ್ಲ ಇದೆ:

ಅಕ್ಕಿ 10 ಸೇರು.
ತೆಂಗಿನಕಾಯಿ 25.
ಹಿತ್ತಾಳೆ ಚೊಂಬು 1.
ರವಿಕೆ ಕಣ 2.
ಗಾಡಿ, 2 ದಿನ.
ಸೌದೆ ಒಂದು ಗಾಡಿ.
ಬಾಳೆ ಎಲೆ 200.

“ಗಾಡಿ, 2 ದಿನ” ಅಂದ್ರೆ ಎತ್ತಿನ ಗಾಡಿ ಎರಡು ದಿನ ಮದುವೆ ಕೆಲಸಕ್ಕೆ ಬಿಟ್ಟಿದ್ದು. ಅದೂ ಮುಯ್ಯಿನೇ! ಅದಕ್ಕೂ ಒಂದು ಸಾಲು, ಒಂದು ಹೆಸರು. ತಾತ ಆಮೇಲೆ ಅವರ ಮನೆ ಮದುವೆಗೆ ತಮ್ಮ ಗಾಡಿ ಬಿಟ್ಟು ಈ ಸಾಲಿನ ಪಕ್ಕ ಒಂದು ಅಡ್ಡಗೆರೆ ಎಳೆದಿದ್ದಾರೆ. ಖಾತೆ ಕ್ಲೋಸ್.

ಕ್ಯಾಶಾ, ಗಿಫ್ಟಾ ಅನ್ನೋ ನನ್ನ ಪ್ರಶ್ನೆಯೇ ಆ ಪುಸ್ತಕದಲ್ಲಿ ಇಲ್ಲ. ಕಾಯಿ, ಚೊಂಬು, ಗಾಡಿ, ದುಡ್ಡು ಎಲ್ಲ ಒಂದೇ ಪಟ್ಟಿ. ಮದುವೆ ಮನೆಗೆ ಆವತ್ತು ಏನು ಬೇಕೋ ಅದು ಬಂದಿದೆ. ಏನು ಬಂತು ಅನ್ನೋದಕ್ಕಿಂತ ಯಾರಿಂದ ಬಂತು ಅನ್ನೋದು ಅಲ್ಲಿ ಮುಖ್ಯ.

ಭಾಗ 5/9

ಇದು ಲೆಕ್ಕದ ಭಾಗ. ಬೋರ್ ಅನ್ನಿಸಿದರೆ ಮುಂದಕ್ಕೆ ಹೋಗಿ, ಆದರೆ ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಮುಯ್ಯಿಗೆ ಬಡ್ಡಿ ಇಲ್ಲ. ಚೀಟಿ ಹಾಕೋರಿಗೆ ಗೊತ್ತು, ಎಲ್ಲರೂ ಹಾಕ್ತಾರೆ, ಸರದಿ ಬಂದವರು ಎತ್ತುತ್ತಾರೆ. ಮುಯ್ಯಿ ಅದೇ ಥರ, ಆದರೆ ಹರಾಜೂ ಇಲ್ಲ, ಕಮಿಷನ್ನೂ ಇಲ್ಲ. ಸರದಿ ಯಾವಾಗ ಅಂತ ನಿಮ್ಮ ಮನೆ ಮಗಳೋ ಮಗನೋ ಹೇಳಬೇಕು. ಕೆಲವು ಸಲ 25 ವರ್ಷ ಆಗುತ್ತೆ. ಅಷ್ಟರಲ್ಲಿ ರೂಪಾಯಿ ಬೆಲೆ ಎಲ್ಲಿಗೋ ಹೋಗಿರುತ್ತೆ. ಹಾಗಾದ್ರೆ ಮೊದಲು ಕೊಟ್ಟವರಿಗೆ ನಷ್ಟ ಅಲ್ವಾ?

ಒಂದು ಮನೆಯ ಸಾಲನ್ನ ಮೂರೂ ಪುಸ್ತಕದಲ್ಲಿ ಹುಡುಕಿದೆ. 1974ರಲ್ಲಿ ಅವರು ಬರೆಸಿದ್ದು 5 ರೂಪಾಯಿ. 1998ರಲ್ಲಿ 50. 2019ರಲ್ಲಿ 500. ಮಧ್ಯೆ ಅವರ ಮನೆ ಮದುವೆಗಳಿಗೆ ನಾವು ಹಾಕಿದ್ದೂ ಆಯಾ ಕಾಲಕ್ಕೆ ಅಷ್ಟಷ್ಟೇ. ಈಗ ಚಿನ್ನದ ಬೆಲೆ ಇಟ್ಟು ನೋಡಿ. 10 ಗ್ರಾಂ ಚಿನ್ನಕ್ಕೆ 1974ರಲ್ಲಿ ಸುಮಾರು 500 ರೂಪಾಯಿ, 1998ರಲ್ಲಿ ಸುಮಾರು 4,000, 2019ರಲ್ಲಿ ಸುಮಾರು 35,000.

5 ರೂಪಾಯಿ = 0.10 ಗ್ರಾಂ.
50 ರೂಪಾಯಿ = 0.125 ಗ್ರಾಂ.
500 ರೂಪಾಯಿ = 0.14 ಗ್ರಾಂ.

45 ವರ್ಷ. ಯಾರೂ ಲೆಕ್ಕ ಹಾಕಿಲ್ಲ, ಯಾರೂ ಪಂಚಾಯ್ತಿ ಸೇರಿಸಿ ರೇಟು ನಿಗದಿ ಮಾಡಿಲ್ಲ. ಆದರೂ ಮುಯ್ಯಿ ಚಿನ್ನದ ಹಿಂದೆಯೇ ನಡ್ಕೊಂಡು ಬಂದಿದೆ, ಪ್ರತಿ ಸಲ ಒಂದು ಚೂರು ಜಾಸ್ತಿಯಾಗಿ. ಅಜ್ಜಿಗೆ ಹೇಳಿದ್ರೆ ನಕ್ಕಿತು. “ತಗಂಡಷ್ಟೇ ಕೊಟ್ರೆ ಕಡ್ದೋಯ್ತದೆ. ಒಂದ್ ರೂಪಾಯಿ ಮೇಲ್ ಮಾಡಿ ಕೊಡ್ಬೇಕು.”

ಆ ಒಂದು ರೂಪಾಯಿ ಇದೆಯಲ್ಲ, 101, 501, 1,001ರ ಕೊನೆಯ ಒಂದು, ಅದಕ್ಕೆ ನೂರೆಂಟು ಅರ್ಥ ಹೇಳ್ತಾರೆ: ಸೊನ್ನೆಯಲ್ಲಿ ಮುಗಿಬಾರದು, ಬೆಸ ಸಂಖ್ಯೆ ಶುಭ. ನನಗೆ ಒಪ್ಪಿಗೆಯಾಗಿದ್ದು ಅಜ್ಜಿಯ ಅರ್ಥ. ಸರಿಸಮ ಮಾಡಿದರೆ ಸಂಬಂಧ ಮುಗೀತು. ಒಂದು ರೂಪಾಯಿ ಜಾಸ್ತಿ ಕೊಟ್ಟರೆ ಅವರ ಕಡೆ ಒಂದು ರೂಪಾಯಿ ಬಾಕಿ ಉಳಿಯುತ್ತೆ. ಬಾಕಿ ಇದ್ದರೆ ಮತ್ತೆ ಬರ್ತಾರೆ. ನಮ್ಮ ಅಕೌಂಟೆನ್ಸಿ ಕ್ಲಾಸಲ್ಲಿ ಬ್ಯಾಲೆನ್ಸ್ ಟ್ಯಾಲಿ ಆದರೆ ಪಾಸ್. ಮುಯ್ಯಿಯಲ್ಲಿ ಟ್ಯಾಲಿ ಆದರೆ ಫೇಲ್.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ, ಅದನ್ನ ಮುಚ್ಚಿಡೋದು ಬೇಡ. ಕೈಯಲ್ಲಿ ಕಾಸಿಲ್ಲದೆ, ಮುಯ್ಯಿ ಮಾಡೋಕಾಗದೆ, ತೀರಾ ಹತ್ತಿರದವರ ಮದುವೆಗೇ ಹೋಗದೆ ಬಾಗಿಲು ಹಾಕ್ಕೊಂಡು ಕೂತ ವರ್ಷಗಳಿವೆ ಅಂತ ಅಜ್ಜಿ ಹೇಳಿದೆ. ಒಂದೇ ತಿಂಗಳಲ್ಲಿ ಐದು ಲಗ್ನ ಬಂದರೆ ಕೂಲಿ ಮಾಡೋ ಮನೆ ಏನು ಮಾಡಬೇಕು? 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು, ಸುತ್ತಮುತ್ತ ಜಮೀನಿನ ರೇಟು ಏರಿತು. 2019ರ ನಮ್ಮ ಪುಸ್ತಕದಲ್ಲಿ ಒಂದು ಸಾಲು 5,001 ಇದ್ದರೆ ಅದರ ಕೆಳಗಿನ ಸಾಲು 100. ಎರಡು ಮನೆಗಳ 1998ರ ಮುಯ್ಯಿ ಒಂದೇ: 51.

ಭಾಗ 6/9

ಹಾಗಾದ್ರೆ ಗಿಫ್ಟ್ ಯಾವಾಗ ಬಂತು?

“ಉಡುಗೊರೆ” ಅನ್ನೋ ಪದದಲ್ಲೇ “ಉಡು” ಇದೆ ನೋಡಿ. ಉಡೋದು, ಬಟ್ಟೆ. ಸೀರೆ, ಪಂಚೆ, ರವಿಕೆ ಕಣ, ಇವೇ ನಮ್ಮ ಮೊದಲ ಉಡುಗೊರೆ. ಆಮೇಲೆ ಹಿತ್ತಾಳೆ, ತಾಮ್ರ. ಅದಾದ ಮೇಲೆ ಸ್ಟೀಲು. ಸ್ಟೀಲ್ ಪಾತ್ರೆಗೆ ಒಂದು ಗುಣ ಇತ್ತು: ಅಂಗಡಿಯವರು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡ್ತಿದ್ರು. ಮೂರನೇ ಫೋಟೊದಲ್ಲಿರೋದು ನಮ್ಮ ಮನೆ ಕೊಳಗ. ಮೇಲೆ ಕೊಟ್ಟವರ ಹೆಸರು, ಊರು, ತಾರೀಕು. ಯೋಚನೆ ಮಾಡಿದರೆ ಅದೂ ಮುಯ್ಯಿ ಪುಸ್ತಕದ ಒಂದು ಸಾಲೇ. ಕಾಗದದ ಬದಲು ಸ್ಟೀಲ್ ಮೇಲೆ, ದಿನಾ ಸಾರು ಮಾಡುವಾಗ ಕಣ್ಣಿಗೆ ಬೀಳೋ ಹಾಗೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಯ್ತು. ಮುಂದಿನ ಎರಡು–ಮೂರು ದಶಕ ಅಳಿಯನ ಕೈಗೆ ಎಚ್‌ಎಂಟಿ ವಾಚು ಇಲ್ಲದ ಮದುವೆ ಈ ಭಾಗದಲ್ಲಿ ಕಮ್ಮಿ. ತಾತನ ವಾಚು ಈಗಲೂ ಕೀ ಕೊಟ್ಟರೆ ಓಡುತ್ತೆ.

ಆಮೇಲೆ ಬಂದಿದ್ದು ಬಣ್ಣದ ಕಾಗದದಲ್ಲಿ ಸುತ್ತಿದ ಗಿಫ್ಟು. ಇಲ್ಲೇ ಒಂದು ಬದಲಾವಣೆ ಆಗಿದೆ ಅಂತ ನನಗನ್ನಿಸುತ್ತೆ. ಸುತ್ತಿದ ಡಬ್ಬದೊಳಗೆ ಏನಿದೆ ಅಂತ ಬರೆಯೋ ಮೇಷ್ಟ್ರಿಗೆ ಗೊತ್ತಾಗಲ್ಲ. ಬೆಲೆ ಗೊತ್ತಾಗಲ್ಲ. ಮದುವೆ ಮನೆಗೆ ಅದು ಬೇಕಿತ್ತಾ ಇಲ್ವಾ ಅನ್ನೋದೂ ಗೊತ್ತಾಗಲ್ಲ. ಅಕ್ಕನ ಮದುವೆಯಲ್ಲಿ ಗೋಡೆ ಗಡಿಯಾರವೇ ಒಂಬತ್ತು ಬಂತು! ನಮ್ಮ ಮನೆಯಲ್ಲಿ ಅಷ್ಟು ಗೋಡೆ ಇಲ್ಲ. ಅದರಲ್ಲಿ ಐದು ಬೇರೆ ಮದುವೆಗಳಿಗೆ ಹೋದವು. ಒಂದು ಗಡಿಯಾರ ಸುತ್ತಾಡಿಕೊಂಡು ಮತ್ತೆ ನಮ್ಮ ಚಿಕ್ಕಪ್ಪನ ಗೃಹಪ್ರವೇಶಕ್ಕೇ ವಾಪಸ್ ಬಂತು, ಹಿಂದೆ ನಮ್ಮಕ್ಕನ ಹೆಸರಿನ ಚೀಟಿ ಸಮೇತ.

2019ರ ಪುಸ್ತಕದಲ್ಲಿ ಗಿಫ್ಟ್ ಕೊಟ್ಟವರಿಗೆ ಬೇರೆ ಪುಟ ಇದೆ. ಅಲ್ಲಿ ಬರೀ ನಂಬರ್, ಪಕ್ಕದಲ್ಲಿ “ಬಾಕ್ಸ್”. ಕೆಲವಕ್ಕೆ ಹೆಸರೂ ಇಲ್ಲ. ಅದನ್ನ ಯಾರಿಗೆ, ಹೇಗೆ ತಿರುಗಿ ಕೊಡೋದು? ಕೊಟ್ಟವರ ಪ್ರೀತಿ ಸುಳ್ಳಲ್ಲ. ಆದರೆ ಖಾತೆ ಅಲ್ಲಿಗೇ ನಿಂತುಹೋಯ್ತು.

ಭಾಗ 7/9

ಇದೇ ಪುಸ್ತಕವನ್ನ ಸರ್ಕಾರವೂ ಕೇಳುತ್ತೆ ಅಂದ್ರೆ ನಂಬ್ತೀರಾ?

1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಕೇಳದೆ ಕೊಟ್ಟ ಉಡುಗೊರೆ ವರದಕ್ಷಿಣೆ ಅಲ್ಲ. ಆದರೆ ಯಾವುದು ಕೇಳಿದ್ದು, ಯಾವುದು ಕೇಳದೆ ಬಂದಿದ್ದು? ಅದಕ್ಕೇ 1985ರಲ್ಲಿ ಒಂದು ನಿಯಮ ಮಾಡಿದರು. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು: ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರ ಹೆಸರು, ಸಂಬಂಧಿಕರಾದರೆ ಏನು ಸಂಬಂಧ. ಹೆಣ್ಣಿನದೊಂದು ಪಟ್ಟಿ, ಗಂಡಿನದೊಂದು ಪಟ್ಟಿ, ಇಬ್ಬರ ಸಹಿ. ಓದಿದಾಗ ನಗು ಬಂತು. ಇದು ಮೇಷ್ಟ್ರು ಬರೆದ ಪುಸ್ತಕವೇ ಅಲ್ವಾ! ನಾವು ಮುಯ್ಯಿ ಬರೀತೀವಿ, ಈ ಪಟ್ಟಿ ಬರೆಯೋ ಮನೆ ಮಾತ್ರ ನಾನು ನೋಡಿಲ್ಲ.

ತೆರಿಗೆ ಕಥೆಯೂ ಇದೆ. 1958ರಲ್ಲಿ ದೇಶದಲ್ಲಿ ಗಿಫ್ಟ್ ಟ್ಯಾಕ್ಸ್ ಬಂತು, 1998ರಲ್ಲಿ ಹೋಯ್ತು. ಈಗ ಯಾರಾದರೂ ಹೊರಗಿನವರಿಂದ ವರ್ಷಕ್ಕೆ 50,000 ದಾಟಿ ಉಡುಗೊರೆ ಬಂದರೆ ಅದು ಆದಾಯ. ಆದರೆ ಮದುವೆಯಾಗೋರಿಗೆ ಮದುವೆಯ ಸಂದರ್ಭದಲ್ಲಿ ಬಂದಿದ್ದಕ್ಕೆ ವಿನಾಯಿತಿ. 2017ರಿಂದ ಇನ್ನೊಂದು ಮಿತಿ ಇದೆ: ಒಂದು ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೋಬಾರದು.

ನೋಟು ರದ್ದಾದ 2016ರ ನವೆಂಬರ್ ನೆನಪಿದೆಯಾ? ಮದುವೆ ಮನೆಯವರಿಗೆ ಅಂತ 2.5 ಲಕ್ಷ ತೆಗೆಯೋ ಅವಕಾಶ ಕೊಡಬೇಕಾಯ್ತು. ಅದೇ ವರ್ಷ ಯುಪಿಐ ಬಂತು. 2021ರಲ್ಲಿ ಮಧುರೈನ ಒಂದು ಜೋಡಿ ಲಗ್ನಪತ್ರಿಕೆಯ ಮೇಲೇ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ ಸುದ್ದಿಯಾದರು. ಈಗ ನಮ್ಮ ಛತ್ರಗಳಲ್ಲೂ ಕೆಲವು ಕಡೆ ಮುಯ್ಯಿ ಮೇಜಿನ ಮೇಲೆ ಕ್ಯೂಆರ್ ಸ್ಟಿಕ್ಕರ್ ಇರುತ್ತೆ. ಆದರೂ ಪಕ್ಕದಲ್ಲಿ ಪುಸ್ತಕ ಇದ್ದೇ ಇರುತ್ತೆ.

ಇದರಿಂದ ಪೂರ್ತಿ ಹೊರಗೆ ಬಂದವರೂ ಇದ್ದಾರೆ. 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಅಂತ ಕುವೆಂಪು ಮಂತ್ರ ಮಾಂಗಲ್ಯ ರೂಪಿಸಿದರು. ಆಡಂಬರ ಇಲ್ಲ, ವರದಕ್ಷಿಣೆ ಇಲ್ಲ, ಸಾಲ ಮಾಡೋ ಅಗತ್ಯವೇ ಇಲ್ಲ. ಸಾಲವೇ ಇಲ್ಲದ ಮದುವೆಗೆ ಮುಯ್ಯಿಯ ಆಸರೆಯೂ ಬೇಡ. ಇನ್ನು ಪತ್ರಿಕೆ ಕೆಳಗೆ “ಆಶೀರ್ವಾದವೇ ಉಡುಗೊರೆ” ಅಂತ ಹಾಕಿಸೋರು. ನಾನು ಅದನ್ನ ದೊಡ್ಡತನ ಅಂದ್ಕೊಂಡಿದ್ದೆ. ಅಜ್ಜಿ ಅದಕ್ಕೆ ಬೇರೆ ಅರ್ಥ ಹೇಳಿತು: “ತಗಳಾಕಿಲ್ಲ ಅಂದ್ರೆ ಏನು? ನಿಮ್ಮನೆಗೆ ನಾವು ಬರಾಕಿಲ್ಲ ಅಂತ.”

ಭಾಗ 8/9

ಈಗ ನಾನು ಮುಂದಕ್ಕೆ ತಳ್ಕೊಂಡು ಬಂದ ಭಾಗ.

ಅಜ್ಜಿ ಮೊದಲ ದಿನ ಕೇಳಿದ್ದಕ್ಕೆ, ನನ್ನ ಗೆಳತಿಯ ಮನೆ ಹೆಸರನ್ನ ಮೂರೂ ಪುಸ್ತಕದಲ್ಲಿ ಹುಡುಕಿದೆ. 137 ಹೆಸರಲ್ಲಿ ಇಲ್ಲ. 1998ರಲ್ಲಿ ಇಲ್ಲ. 2019ರಲ್ಲೂ ಇಲ್ಲ, ಆಗ ನಾನೂ ಅವಳೂ ಒಂದೇ ಬೆಂಚಲ್ಲಿದ್ವಿ. ದೇವನಹಳ್ಳಿ, ವಿಜಯಪುರ, ಚಿಕ್ಕಬಳ್ಳಾಪುರದಿಂದ ಬಂದವರ ಹೆಸರಿದೆ. ರೇಷ್ಮೆಗೂಡು ಮಾರ್ಕೆಟ್‌ನಲ್ಲಿ ಪರಿಚಯ ಆದವರ ಹೆಸರಿದೆ. ನಮ್ಮ ಮನೆಯಿಂದ ಅವರ ಮನೆಗೆ ನಡ್ಕೊಂಡು ಹೋದರೆ ಐದು ನಿಮಿಷ.

“ಅವರ ಮನೆ ಪುಸ್ತಕದಲ್ಲೇ ಇಲ್ಲ ಅಜ್ಜಿ.”

“ಎಲ್ಲಿರ್ತದೆ? ಕಾಲೋನಿಯೋರಲ್ವಾ.” ಅಜ್ಜಿ ಬೇಜಾರಿಂದಲೂ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಮಳೆ ಬಂದಿಲ್ಲ ಅನ್ನೋ ಥರ ಹೇಳಿತು.

ರಾತ್ರಿ ಮತ್ತೆ 1974ರ ಪುಸ್ತಕ ತೆಗೆದೆ. ಈ ಸಲ ಹಿಂದಿನಿಂದ, ಖರ್ಚಿನ ಪುಟಗಳಿಂದ. ಸುಣ್ಣ, ಸೀಮೆಎಣ್ಣೆ, ಬೆಲ್ಲ, ಅಡುಗೆಯವರಿಗೆ, ವಾಲಗದವರಿಗೆ. ಅದರ ಕೆಳಗೆ ಒಂದು ಸಾಲು:

ತಮಟೆಯವರಿಗೆ, ರಾಗಿ ಮತ್ತು 12 ರೂ.

ಎಷ್ಟು ಜನ ಬಂದಿದ್ರು ಗೊತ್ತಿಲ್ಲ. ಹೆಸರಿಲ್ಲ. ಎರಡು ತೆಂಗಿನಕಾಯಿ ಕೊಟ್ಟವರ ಹೆಸರನ್ನೂ ತಂದೆ ಹೆಸರು ಸಮೇತ ಬರೆದ ಮೇಷ್ಟ್ರು, ಇಡೀ ರಾತ್ರಿ ತಮಟೆ ಬಡಿದವರನ್ನ “ತಮಟೆಯವರು” ಅಂತ ಬರೆದು ಮುಂದೆ ಹೋಗಿದ್ದಾರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿ ಆಗಲೇ 24 ವರ್ಷ ಆಗಿತ್ತು.

ನನ್ನ ಗೆಳತಿಯ ತಾತ ತಮಟೆ ಬಡೀತಿದ್ರು ಅಂತ ಅವಳೇ ಹೇಳಿದ್ದಳು. ಆ ಸಾಲಿನಲ್ಲಿ ಅವರೂ ಇದ್ರಾ? ಅಜ್ಜಿಯನ್ನ ಕೇಳಿದೆ. “ಇದ್ದಿರ್ತಾನೆ. ಚೆನ್ನಾಗಿ ಬಡೀತಿದ್ದ” ಅಂತು. ಊಟ ಎಲ್ಲಿ ಹಾಕಿದ್ರಿ ಅಂತ ಕೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಲಿಲ್ಲ, ಉತ್ತರನೂ ಕೊಡಲಿಲ್ಲ.

ಬಿಕಾಂ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡ್ತಾರೆ: ಖರ್ಚು ಬೇರೆ, ಋಣ ಬೇರೆ. ಕೂಲಿ ಕೊಟ್ಟರೆ ಅಲ್ಲಿಗೆ ಮುಗೀತು, ಅವರ ಹೆಸರಲ್ಲಿ ಖಾತೆ ತೆರೆಯಬೇಕಾಗಿಲ್ಲ. ಮುಯ್ಯಿ ತಗೊಂಡರೆ ಖಾತೆ ತೆರೆಯಬೇಕು, ಅವರ ಮನೆಗೆ ಹೋಗಬೇಕು, ಅವರ ಚಪ್ಪರದ ಕೆಳಗೆ ಕೂತು ಉಣ್ಣಬೇಕು. 45 ವರ್ಷದ ಮೂರು ಪುಸ್ತಕಗಳಲ್ಲಿ ಆ ಮನೆಗಳನ್ನ ನಾವು ಖರ್ಚಿನ ಪುಟದಲ್ಲಿ ಇಟ್ಟಿದ್ವಿ. ಇದಕ್ಕೆ ಯಾರೂ ಒಂದು ದಿನ ಕೂತು ತೀರ್ಮಾನ ಮಾಡಿಲ್ಲ. ಪ್ರತಿ ಮದುವೆಯಲ್ಲೂ ಸುಮ್ಮನೆ ಹಾಗೇ ಆಗಿದೆ.

ಮುಯ್ಯಿ ಪುಸ್ತಕ ಊರಿನ ಒಗ್ಗಟ್ಟಿನ ದಾಖಲೆ ಅಂತ ಈ ಸರಣಿಯ ಮೊದಲ ಡ್ರಾಫ್ಟಿನಲ್ಲಿ ಬರೆದಿದ್ದೆ. ಆ ವಾಕ್ಯ ಅಳಿಸಿದ್ದೀನಿ.

ಭಾಗ 9/9

ಕೊನೆಗೆ ಏನು ಮಾಡಿದೆ?

ಫ್ರೇಮ್ ಮಾಡಿಸಲಿಲ್ಲ. ಫ್ರೇಮ್ ಕೊಟ್ಟಿದ್ರೆ ಅವಳು ಖಂಡಿತ ಖುಷಿ ಪಡ್ತಿದ್ದಳು, ಗೋಡೆಗೆ ಹಾಕ್ತಿದ್ದಳು. ಆದರೆ ಅದು ನನ್ನಿಂದ ಅವಳಿಗೆ ಹೋಗ್ತಿತ್ತು, ಅಷ್ಟೇ. ಇಬ್ಬರು ಫ್ರೆಂಡ್ಸ್ ಮಧ್ಯೆ ಯಾವತ್ತೂ ತೊಂದರೆ ಇರಲಿಲ್ಲ. ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದವರು ನಾವು. ಇಲ್ಲದೆ ಇದ್ದಿದ್ದು ಮನೆಗೂ ಮನೆಗೂ ಮಧ್ಯೆ.

ಹಾಗಾಗಿ ಕವರ್. ನನ್ನ ದುಡ್ಡಲ್ಲಿ 1,001 ಹಾಕ್ತೀನಿ, ಮನೆ ಹೆಸರಲ್ಲಿ ಬರೆಸ್ತೀನಿ, ನೀನೂ ಬಾ ಅಂತ ಅಜ್ಜಿಗೆ ಹೇಳಿದೆ. ಅಪ್ಪ ಪೇಪರಿಂದ ತಲೆ ಎತ್ತಲಿಲ್ಲ. ಅಮ್ಮ “ಹೋಗಿ ಬರ್ಲಿ ಬಿಡಿ ಅತ್ತೆ” ಅಂದರು. ಅಜ್ಜಿ ಬರಲಿಲ್ಲ. ಮಂಡಿ ನೋವು ಅಂತು. ಮಂಡಿ ನೋವು ಇರೋದೂ ನಿಜ.

ಆದರೆ ನಾನು ಚಪ್ಪಲಿ ಹಾಕ್ಕೊಳ್ಳುವಾಗ ಕರೀತು. ಎಲೆ–ಅಡಿಕೆ ಚೀಲದಿಂದ ಮಡಿಸಿದ 500ರ ನೋಟು ತೆಗೆದು ಕೊಟ್ಟಿತು. “ನಿನ್ ದುಡ್ಡು ನಿನ್ ಹೆಸರಲ್ ಬರ್ಸು. ಇದ್ನ ನಿಮ್ ತಾತನ ಹೆಸರಲ್ ಬರ್ಸು. ಒಂದ್ ರೂಪಾಯಿ ಸೇರ್ಸು.”

ಮದುವೆ ವಿಜಯಪುರ ರಸ್ತೆಯ ಒಂದು ಛತ್ರದಲ್ಲಿ. ಬಾಗಿಲ ಹತ್ತಿರ ಮೇಜು, ಅರಿಶಿನ ಹಚ್ಚಿದ ಹೊಸ ನೋಟ್‌ಬುಕ್, ಬರೀತಿದ್ದಿದ್ದು ಗೆಳತಿಯ ಚಿಕ್ಕಪ್ಪನ ಮಗ. “ಯಾವ ಮನೆ ಅಕ್ಕ?” ಅಂದ. ಆವತಿ ಅಂದೆ, ತಾತನ ಹೆಸರು ಹೇಳಿದೆ. ಅವನ ಪೆನ್ನು ಒಂದು ಕ್ಷಣ ನಿಂತಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ತಲೆ ಎತ್ತಿ ನನ್ನನ್ನ ನೋಡಿದರು. ಆಮೇಲೆ ಅವನು ಬರೆದ. ಎರಡು ಸಾಲು. ನಾನು ಒಳಗೆ ಹೋಗಿ ಪಂಕ್ತಿಯಲ್ಲಿ ಕೂತು ಊಟ ಮಾಡ್ಕೊಂಡು ಬಂದೆ. ಪಾಯಸ ಎರಡು ಸಲ ಹಾಕಿಸ್ಕೊಂಡೆ.

ಇದರಿಂದ ಊರು ಬದಲಾಯ್ತು ಅಂತ ನಾನು ಹೇಳ್ತಿಲ್ಲ. 501 ರೂಪಾಯಿಗೆ ಅಷ್ಟೆಲ್ಲ ಶಕ್ತಿ ಇಲ್ಲ. ಆದರೆ ಮುಯ್ಯಿಯ ನಿಯಮ ಎರಡೂ ಕಡೆಗೆ ಒಂದೇ. ಈಗ ಅವರ ಪುಸ್ತಕದಲ್ಲಿ ನಮ್ಮ ಮನೆ ಇದೆ. ಬಾಕಿ ಅವರ ಕಡೆ ಇದೆ. ಬರೋ ವರ್ಷ ಅಣ್ಣನ ಮದುವೆ. ಪತ್ರಿಕೆ ತಗೊಂಡು ಅವರ ಮನೆ ಬಾಗಿಲಿಗೆ ನಾವೇ ಹೋಗಬೇಕು. ಅವರು ಬರ್ತಾರೆ, ಬರೆಸ್ತಾರೆ. ಆವತ್ತು ಅವರಿಗೆ ಊಟ ಎಲ್ಲಿ, ಯಾರ ಪಕ್ಕದಲ್ಲಿ ಅನ್ನೋದು ನಮ್ಮ ಮನೆಯ ಪರೀಕ್ಷೆ. ಅಪ್ಪನ ಹತ್ತಿರ ಇನ್ನೂ ಮಾತಾಡಿಲ್ಲ. ಮಾತಾಡಬೇಕು.

ಕ್ಯಾಶಾ ಗಿಫ್ಟಾ ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟೇ. ಮದುವೆ ಆಗೋರು ಮಾತ್ರ ನಿಮ್ಮವರಾದರೆ, ಇಷ್ಟವಾದ ಗಿಫ್ಟ್ ಕೊಡಿ (ಗೋಡೆ ಗಡಿಯಾರ ಬೇಡ). ಆ ಮನೆಯೂ ನಿಮ್ಮದಾಗಬೇಕು ಅಂದ್ರೆ ಮೇಜಿನ ಹತ್ತಿರ ನಿಂತು ಹೆಸರು ಬರೆಸಿ, ಹತ್ತೇ ರೂಪಾಯಿ ಆದರೂ ಸರಿ. ಒಂದು ರೂಪಾಯಿ ಸೇರಿಸೋದು ಮರೀಬೇಡಿ.

ನಿಮ್ಮ ಮನೆಯಲ್ಲೂ ಮುಯ್ಯಿ ಪುಸ್ತಕ ಇದ್ದೇ ಇರುತ್ತೆ. ತೆಗೆದು ನೋಡಿ. ಯಾರ ಹೆಸರಿದೆ ಅಂತ ಎಲ್ಲರೂ ನೋಡ್ತಾರೆ. ಯಾರ ಹೆಸರಿಲ್ಲ ಅಂತಲೂ ನೋಡಿ. ನಿಮ್ಮ ಕಡೆ ಇದಕ್ಕೆ ಏನಂತಾರೆ, ಹಳೇ ಪುಸ್ತಕದಲ್ಲಿ ಏನೇನು ಸಿಕ್ತು ಅಂತ ಕಾಮೆಂಟ್‌ನಲ್ಲಿ ಬರೀರಿ. ಬೇರೆಯವರ ಹೆಸರು ಮಾತ್ರ ಹಾಕಬೇಡಿ.

#ಆವತಿ #ಮುಯ್ಯಿ #ದೇವನಹಳ್ಳಿ #ನಮ್ಮೂರಕಥೆ #ಬೆಂಗಳೂರುಗ್ರಾಮಾಂತರ